ಹೊಲಿಗೆಯ ಕಾಯಕದಿಂದ ಬಂಧಮುಕ್ತಳಾದ ಎಲಿಜಬೆತ್ ಕೆಕ್ಲಿ

ಉಟ್ಟ ಬಟ್ಟೆಯ ಅಂದವನ್ನು ಹೊಗಳುವವರು ಬಹುಮಂದಿ. ಅದನ್ನು ಹೊಲಿದವರು ಯಾರೆಂದು ವಿಚಾರಿಸುವವರು ವಿರಳ. ಅಂಥ ಹೊಲಿಗೆಯ ಕಾಯಕವೊಂದನ್ನೇ ನಂಬಿ, ಹುಟ್ಟಿನೊಡನೆ ಬಂದ ದಾಸ್ಯದ ಸಂಕಲೆಯನ್ನು ಕಳಚಿಕೊಂಡ ಒಬ್ಬ ಸ್ತ್ರೀಯ ಚರಿತ್ರೆಯನ್ನು ಭಕ್ತಜನರ ಮನನಕ್ಕಾಗಿ ಇಲ್ಲಿ ಸಂಗ್ರಹಿಸಿದೆ. ಈಕೆಯು ಅಮೇರಿಕಾ ದೇಶದ ಎಲಿಜಬೆತ್ ಕೆಕ್ಲಿ.

ಆ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದ ಜನರನ್ನು ದನಕರುಗಳಂತೆ ಕೊಂಡು ಮಾರುವ ಪದ್ಧತಿಯು ಕಾನೂನಿನ ಬೆಂಬಲದಿಂದಲೇ ನಡೆಯುತ್ತಿದ್ದ ಕಾಲವದು. ೧೮೧೮ನೆಯ ಇಸವಿಯಲ್ಲಿ ವರ್ಜೀನಿಯಾ ಸಂಸ್ಥಾನದ ಡಿನ್‌ವಿಡ್ಡಿ ಎಂಬಲ್ಲಿ ಎಲಿಜಬೆತ್ ಜನಿಸಿದಳು. ತಾಯಿ ಆಗ್ನೆಸ್ ಬರ್ವೆಲ್ ಮನೆತನದ ದಾಸಿ. ಜನ್ಮಕ್ಕೆ ಕಾರಣನಾದವನು ಆ ಮನೆಯ ಒಡೆಯನೇ. ಆದರೆ ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿಯೆಂಬುದು ಅಲ್ಲಿಯ ಕಟ್ಟಳೆಯಾದುದರಿಂದ, ಒಡೆಯನ ಮಗಳು ಒಡೆಯನ ಸೊತ್ತಾಗಿಯೇ ಬೆಳೆಯಬೇಕಾಯಿತು. ತಂದೆಯೆಂದು ಆಕೆ ಪ್ರೀತಿಸಿದ ಜಾರ್ಜ್ ಹಾಬ್ಸ್ ಬೇರೊಬ್ಬ ಯಜಮಾನನಿಗೆ ಸೇರಿದವನು. ಆ ಯಜಮಾನನು ಪಡುವಣ ಸೀಮೆಗೆ ಹೊರಟಾಗ ಅವನನ್ನೂ ಕರೆದೊಯ್ದನು. ಆ ಸಂಸಾರವು ಮತ್ತೆ ಕೂಡಲಿಲ್ಲ. ನಾಲ್ಕೈದು ವರ್ಷದ ಹುಡುಗಿಗೆ ಒಡೆಯನ ಕೂಸನ್ನು ತೂಗುವ ಕೆಲಸ ಬಂದಿತು. ತೊಟ್ಟಿಲನ್ನು ಜೋರಾಗಿ ತೂಗಿ ಕೂಸು ಕೆಳಗೆ ಬಿದ್ದುದಕ್ಕೆ ಚಾವಟಿಯ ಏಟು ದೊರೆಯಿತು. ಇಂಥ ಬಾಳಿನಲ್ಲಿ ತಾಯಿಯು ಮಗಳಿಗೆ ಕೊಡಬಹುದಾಗಿದ್ದ ಆಸ್ತಿ ಒಂದೇ. ಅದು ಸೂಜಿ ಹಿಡಿಯುವ ವಿದ್ಯೆ.

ಯೌವನದಲ್ಲಿ ಆಕೆಯನ್ನು ಉತ್ತರ ಕೆರೊಲೈನಾದ ಹಿಲ್ಸ್‌ಬರೋ ಊರಿಗೆ ಕಳುಹಿಸಲಾಯಿತು. ಅಲ್ಲಿ ನಿಷ್ಕಾರಣವಾಗಿ ಹೊಡೆತಗಳನ್ನು ತಿಂದಳು. ಬಿಳಿಯ ಪುರುಷನೊಬ್ಬನ ಬಲಾತ್ಕಾರಕ್ಕೆ ಗುರಿಯಾಗಿ ಜಾರ್ಜ್ ಎಂಬ ಮಗನನ್ನು ಹೆತ್ತಳು. ಮುಂದೆ ಒಡೆಯನ ಮಗಳಾದ ಗಾರ್ಲೆಂಡ್ ದಂಪತಿಗಳ ಮನೆಗೆ ಸೇರಿ, ಅವರೊಡನೆ ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ಪಟ್ಟಣಕ್ಕೆ ಬಂದಳು. ಗಾರ್ಲೆಂಡರಿಗೆ ಬಡತನವೊದಗಿತು. ಮುಪ್ಪಿನ ಆಗ್ನೆಸಳನ್ನು ಪರರ ಮನೆಗೆ ಕೂಲಿಗೆ ಬಿಡುವ ಮಾತು ಹೊರಟಾಗ, ತಾಯಿಗೆ ಆ ಕಷ್ಟ ಬೇಡವೆಂದು ಎಲಿಜಬೆತ್ ತಾನೇ ಊರಿನ ಶ್ರೀಮಂತ ಸ್ತ್ರೀಯರ ಉಡುಪುಗಳನ್ನು ಹೊಲಿಯತೊಡಗಿದಳು. ಆಗಿನ ಉಡುಪೆಂದರೆ, ಮೇಲಂಗಿಯು ಮೈಗೆ ಸುಕ್ಕಿಲ್ಲದಂತೆ ಬಿಗಿಯಾಗಿ ಕೂಡಬೇಕು. ಕೆಳಗಿನ ಲಂಗಕ್ಕೆ ಗಜಗಟ್ಟಲೆ ರೇಶಿಮೆ ಹಿಡಿಯಬೇಕು. ಅಳತೆಯಲ್ಲಾಗಲಿ ಕತ್ತರಿಯಲ್ಲಾಗಲಿ ತುಸು ತಪ್ಪಿದರೂ ಬೆಲೆಯುಳ್ಳ ಬಟ್ಟೆ ಹಾಳು. ಅಂಥ ಕೆಲಸದಲ್ಲಿ ಆಕೆ ಹೆಸರಾದಳು. ಎರಡು ವರ್ಷ ಐದು ತಿಂಗಳ ಕಾಲ ೧೭ ಮಂದಿಯ ಹೊಟ್ಟೆಗೆ ಆಕೆಯ ಸೂಜಿಯೇ ಅನ್ನವಿಕ್ಕಿತು. ಯಾರು ಯಾರ ಒಡೆಯರೆಂಬುದನ್ನು ವಾಚಕರೇ ಆಲೋಚಿಸಬೇಕು.

ತನಗೂ ಮಗನಿಗೂ ಬಿಡುಗಡೆಯ ಬೆಲೆಯೇನೆಂದು ಆಕೆ ಕೇಳಿದಳು. ಯಜಮಾನನು ಮೊದಲು ಸಿಡುಕಿದನು. ಬಳಿಕ ಬೆಳ್ಳಿಯ ನಾಣ್ಯವೊಂದನ್ನು ಮುಂದೆ ಹಿಡಿದು, ಅದನ್ನು ದೋಣಿಗೆ ಕೊಟ್ಟು ನದಿ ದಾಟಿ ಹೋಗಬಹುದೆಂದನು. ಓಡಿಹೋದವರನ್ನು ಹಿಡಿದು ತರಲು ಕಾನೂನಿದ್ದುದನ್ನು ಆಕೆ ಬಲ್ಲಳು; ನ್ಯಾಯವಾದ ದಾರಿಯಿಂದಲೇ ಬಿಡುಗಡೆ ಬೇಕೆಂದು ನಾಣ್ಯವನ್ನು ನಿರಾಕರಿಸಿದಳು. ಕಡೆಗೆ ೧೨೦೦ ಡಾಲರು ಗೊತ್ತಾಯಿತು. ಜೇಮ್ಸ್ ಕೆಕ್ಲಿಯೊಡನೆ ವಿವಾಹವಾಯಿತಾದರೂ, ಸ್ವತಂತ್ರನೆಂದು ಹೇಳಿಕೊಂಡಿದ್ದ ಅವನೂ ದಾಸನೇ ಆಗಿದ್ದು, ಕುಡಿತಕ್ಕೂ ವಶನಾಗಿದ್ದನು. ಮನೆಮಂದಿಯನ್ನೆಲ್ಲ ಸಾಕುತ್ತಿದ್ದವಳಿಗೆ ಹಣವು ಕೂಡಲೇ ಇಲ್ಲ.

ನ್ಯೂಯಾರ್ಕಿಗೆ ಹೋಗಿ ಹಣ ಕೂಡಿಸಿ ತರುವೆನೆಂದಾಗ, ಆಕೆ ತಿರುಗಿ ಬಾರದಿದ್ದರೆ ಹಣ ತೆರುವ ಆರು ಮಂದಿಯ ಜಾಮೀನು ಬೇಕೆಂದರು. ಐವರು ರುಜು ಹಾಕಿದರು. ಆರನೆಯವನು ರುಜುವಿಗೆ ಒಪ್ಪಿದರೂ, ಆಕೆ ಮರಳಿ ಬರುವಳೆಂಬ ನಂಬಿಕೆ ತನಗಿಲ್ಲವೆಂದನು. ನಂಬಿಕೆಯಿಲ್ಲದ ರುಜುವು ತನಗೆ ಬೇಡವೆಂದು ಆಕೆ ಕಣ್ಣೀರಿಡುತ್ತ ಮನೆಗೆ ಮರಳಿದಳು. ಬಿಡುಗಡೆಯ ಬಾಗಿಲು ಮುಚ್ಚಿದಂತೆಯೇ ಆಯಿತು. ಆಗ ಆಕೆಯಿಂದ ಉಡುಪು ಹೊಲಿಸಿಕೊಳ್ಳುತ್ತಿದ್ದ ಲೆ ಬೂರ್ಜ್ವಾ ಎಂಬ ಮಹಿಳೆಯು ಬಂದು, ಅನ್ಯರ ಊರಿನಲ್ಲಿ ಬೇಡುವುದೇಕೆಂದು ತಡೆದು, ತನ್ನ ಗೆಳತಿಯರಿಂದ ಆ ಮೊತ್ತವನ್ನು ಕೂಡಿಸಿ ಕೊಟ್ಟಳು. ೧೮೫೫ರ ನವಂಬರಿನಲ್ಲಿ ತಾಯಿ ಮಗ ಇಬ್ಬರೂ ಸ್ವತಂತ್ರರಾದರು. ಆ ಹಣವನ್ನು ದಾನವೆಂದು ಎಲಿಜಬೆತ್ ಭಾವಿಸಲಿಲ್ಲ. ಸಾಲವೆಂದೇ ಎಣಿಸಿ, ಅಲ್ಲಿಯೇ ನಿಂತು, ಹೊಲಿದು ತೀರಿಸಿದಳು.

೧೮೬೦ರಲ್ಲಿ ರಾಜಧಾನಿಯಾದ ವಾಷಿಂಗ್ಟನ್ನಿಗೆ ಬಂದಳು. ಮುಂದೆ ದಕ್ಷಿಣದ ಬಂಡಾಯಕ್ಕೆ ನಾಯಕನಾದ ಜೆಫರ್ಸನ್ ಡೇವಿಸನ ಪತ್ನಿಯು ಆಕೆಯ ಕೈಯಿಂದ ಉಡುಪು ಹೊಲಿಸಿಕೊಂಡು, ತನ್ನೊಡನೆ ದಕ್ಷಿಣಕ್ಕೆ ಬರಬೇಕೆಂದು ಕರೆದಳು, ಆಕೆ ಹೋಗಲಿಲ್ಲ. ೧೮೬೧ರ ಮಾರ್ಚಿಯಲ್ಲಿ ಅಬ್ರಹಾಂ ಲಿಂಕನ್ನನು ಅಧ್ಯಕ್ಷ ಪದವಿಗೇರಿದ ಮರುದಿನವೇ ಅವನ ಪತ್ನಿ ಮೇರಿಯ ಹೊಲಿಗೆಯ ಕೆಲಸ ಕೆಕ್ಲಿಗೆ ಒದಗಿತು. ಮೊದಲನೆಯ ಉಡುಪು ತರುವುದು ತಡವಾಯಿತೆಂದು ಮೇರಿಯು ಮುನಿದು ಸಮಾರಂಭಕ್ಕೇ ಹೋಗೆನೆಂದಳು. ಕೆಕ್ಲಿಯು ಸಮಾಧಾನದಿಂದ ಉಡಿಸಿ, ತಲೆ ಬಾಚಿ ಸಿಂಗರಿಸಿದಳು. ಉಡುಪು ಮೈಗೆ ಸರಿಯಾಗಿ ಕೂತಿತು.

ಅದೇ ವರ್ಷದ ಆಗಸ್ಟ್ ೧೦ರಂದು, ಮಿಸೌರಿಯ ವಿಲ್ಸನ್ಸ್ ಕ್ರೀಕ್ ಯುದ್ಧದಲ್ಲಿ, ಉತ್ತರದ ಸೈನ್ಯಕ್ಕೆ ಸೇರಿದ್ದ ಆಕೆಯ ಏಕೈಕ ಪುತ್ರನು ಮಡಿದನು. ಮರುವರ್ಷ ಲಿಂಕನ್ನರ ಬಾಲಕ ವಿಲ್ಲಿಯು ತೀರಿಕೊಂಡಾಗ, ಪುತ್ರಶೋಕವನ್ನು ಬಲ್ಲ ಈ ಕೈಗಳೇ ಆ ಮಗುವಿನ ದೇಹವನ್ನು ತೊಳೆದು ಬಟ್ಟೆ ತೊಡಿಸಿದವು. ೧೮೬೨ರಲ್ಲಿ, ದಾಸ್ಯದಿಂದ ಪಾರಾಗಿ ರಾಜಧಾನಿಗೆ ಬಂದು ಅನ್ನವಸ್ತ್ರಗಳಿಲ್ಲದೆ ನರಳುತ್ತಿದ್ದವರಿಗಾಗಿ ಆಕೆ ಸಹಾಯಸಂಘವೊಂದನ್ನು ಸ್ಥಾಪಿಸಿದಳು. ಮೇರಿಯು ಅದಕ್ಕೆ ೨೦೦ ಡಾಲರು ಕೊಟ್ಟಳು. ೧೮೬೫ರ ಏಪ್ರಿಲಿನಲ್ಲಿ ಲಿಂಕನ್ನನ ಹತ್ಯೆಯಾದಾಗ ವಿಧವೆಯು ಹಂಬಲಿಸಿ ಕರೆಸಿದ್ದು ಈಕೆಯನ್ನೇ. ಅದೇ ವರ್ಷ ರಾಜ್ಯಾಂಗದ ೧೩ನೆಯ ತಿದ್ದುಪಡಿಯಿಂದ ದೇಶದಲ್ಲಿ ದಾಸ್ಯವು ಅಳಿಯಿತು. ಎಲಿಜಬೆತ್ ೧೨೦೦ ಡಾಲರು ತೆತ್ತು ಪಡೆದುದು ಎಂದಿಗೂ ಮಾರಾಟದ ವಸ್ತುವಾಗಿರಲಿಲ್ಲವೆಂಬುದನ್ನು ಕಾನೂನು ಕೊನೆಗೂ ಒಪ್ಪಿತು.

೧೮೬೮ರಲ್ಲಿ ಆಕೆ ತನ್ನ ಆತ್ಮಚರಿತ್ರೆಯನ್ನು ಪ್ರಕಟಿಸಿದಳು. ಸಾಲದಲ್ಲಿ ಬಿದ್ದು ಹಳೆಯ ಉಡುಪುಗಳನ್ನು ಮಾರಲು ಹೊರಟು ನಿಂದೆಗೊಳಗಾಗಿದ್ದ ಮೇರಿಯ ಪಕ್ಷವನ್ನು ಹೇಳುವುದು ಅದರ ಉದ್ದೇಶಗಳಲ್ಲೊಂದು. ಆದರೆ ಮೇರಿಯು ಬರೆದ ಖಾಸಗಿ ಪತ್ರಗಳೂ ಅದರ ಕೊನೆಯಲ್ಲಿ ಅಚ್ಚಾದವು. ಗೆಳೆತನ ಮುರಿಯಿತು, ದೊಡ್ಡ ಮನೆಯ ಒಳಗನ್ನು ಹೊಲಿಗೆಯವಳು ಬರೆಯಬಹುದೇ ಎಂದು ಜನರು ಹಳಿದರು, ಕೆಲಸವೂ ಕುಗ್ಗಿತು. ಹಿತವನ್ನೆಣಿಸಿ ಮಾಡಿದ ಕಾರ್ಯದಿಂದಲೂ ಹಾನಿಯಾಗಬಹುದೆಂಬುದಕ್ಕೆ ಇದು ನಿದರ್ಶನ.

ಆದರೂ ಆಕೆ ಸೂಜಿಯನ್ನು ಕೆಳಗಿಡಲಿಲ್ಲ. ೧೮೯೨ರಲ್ಲಿ, ತನ್ನ ಮಗನು ಓದಿದ್ದ ಓಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ ಹೊಲಿಗೆಯ ವಿಭಾಗದ ಮುಖ್ಯಸ್ಥೆಯಾಗಿ, ತಾಯಿಯಿಂದ ಬಂದ ವಿದ್ಯೆಯನ್ನು ಬಿಡುಗಡೆ ಹೊಂದಿದ ಜನರ ಹೆಣ್ಣುಮಕ್ಕಳಿಗೆ ಧಾರೆಯೆರೆದಳು. ೧೯೦೭ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಅನಾಥಾಶ್ರಮವೊಂದರಲ್ಲಿ ಆಕೆಯ ಆಯುಷ್ಯವು ಮುಗಿಯಿತು. ಧನವು ಕೊನೆಯಲ್ಲಿ ಉಳಿದಿರಲಿಲ್ಲ. ಆಕೆಯ ಕೈಯದೆಂದು ನಂಬಲಾದ ಮಖಮಲ್ಲಿನ ಉಡುಪೊಂದನ್ನು ಅದೇ ನಗರದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಕೈಕೆಲಸದವರನ್ನು ಕಂಡಾಗ ಭಕ್ತಜನರು ಈ ತಾಯಿಯನ್ನು ಸ್ಮರಿಸಿಕೊಳ್ಳಲಿ. ದುಡಿದವರ ಕೂಲಿಯನ್ನು ತಡೆಯದೆ, ಅವರ ಹೆಸರನ್ನು ಮರೆಯದೆ ನಡೆದುಕೊಂಡರೆ ಈ ಚರಿತ್ರೆಯನ್ನು ಓದಿದುದು ಸಾರ್ಥಕವಾದೀತು.