ಸೊಳ್ಳೆಯ ಹೊಟ್ಟೆಯಿಂದ ಸಮೀಕರಣದವರೆಗೆ: ರೊನಾಲ್ಡ್ ರಾಸ್

ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಬ್ಯಾಟ್ ಹಿಡಿದು ಓಡಾಡುವ ನಮಗೆ ಸೊಳ್ಳೆ ಸತ್ತರೆ ಸಾಕು. ಅದರ ಹೊಟ್ಟೆಯೊಳಗೆ ಏನಿದೆ ಅಂತ ವರ್ಷಗಟ್ಟಲೆ ಹುಡುಕಿದ ಒಬ್ಬರ ಕತೆ ಇದು.

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ಅವರಿಗೆ ಇಷ್ಟ ಇದ್ದದ್ದು ಸಾಹಿತ್ಯ, ಸಂಗೀತ. ಸೈನ್ಯದಲ್ಲಿದ್ದ ಅಪ್ಪನ ಒತ್ತಾಯಕ್ಕೆ ಮೆಡಿಕಲ್ ಓದಿದರು. (ನಮ್ಮಲ್ಲೂ ಎಷ್ಟೋ ಜನರ ಕತೆ ಇದೇ ತಾನೇ!) 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿದರು. 1883ರಲ್ಲಿ ಬೆಂಗಳೂರಿಗೆ ಬಂದಾಗ ಬಂಗಲೆ ತುಂಬಾ ಸೊಳ್ಳೆ. ಕಿಟಕಿಯಾಚೆ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ಆ ನೀರು ಚೆಲ್ಲಿಸಿದರು. ಸೊಳ್ಳೆ ಕಡಿಮೆಯಾಯಿತು. ಆಗ ಅದು ಬರೀ ಕಾಟ ತಪ್ಪಿಸಿಕೊಳ್ಳುವ ಉಪಾಯ, ಅಷ್ಟೆ.

ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಜನ ನಂಬಿದ್ದ ಕಾಲ ಅದು. 1880ರಲ್ಲಿ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಏಕಕೋಶದ ಪರಾವಲಂಬಿಯನ್ನು ಕಂಡಿದ್ದರು. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ? ಸೊಳ್ಳೆಯ ಮೇಲೆ ಅನುಮಾನ ಇದೆ ಎಂದು 1894ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಹೇಳಿದರು. ರಾಸ್ ಆ ಜಾಡು ಹಿಡಿದರು.

1895ರಿಂದ ಸಿಕಂದರಾಬಾದಿನಲ್ಲಿ ಸೊಳ್ಳೆ ಕೊಯ್ದಿದ್ದೇ ಕೊಯ್ದಿದ್ದು. ಏನೂ ಸಿಗಲಿಲ್ಲ. ಕಾರಣ ಸರಳ: ನೋಡುತ್ತಿದ್ದದ್ದು ಬೇರೆ ಜಾತಿಯ ಸೊಳ್ಳೆ. ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂಗಳೇ ತುಕ್ಕು ಹಿಡಿದವು. ಸೊಳ್ಳೆ ಹಾರಿಹೋಗುತ್ತದೆ ಅಂತ ಪಂಖಾ ಹಾಕಿಸುವಂತಿರಲಿಲ್ಲ. ಕೊನೆಗೆ 1897ರ ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಅನಾಫಿಲಿಸ್ ಸಿಕ್ಕಿತು. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ ಕೂಲಿ ಪಡೆದು ಕಚ್ಚಿಸಿಕೊಂಡ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಪರಾವಲಂಬಿ ಕಾಣಿಸಿತು. ವಿಶ್ವ ಸೊಳ್ಳೆ ದಿನ ಆವತ್ತಿನದೇ.

ಮುಂದಿನ ತಿಂಗಳೇ ರಾಜಪುತಾನದ ಖೇರವಾಡಾಕ್ಕೆ ವರ್ಗ! ಅಲ್ಲಿ ಮಲೇರಿಯಾ ರೋಗಿಗಳೇ ಅಪರೂಪ. 1898ರಲ್ಲಿ ಕಲ್ಕತ್ತಾಗೆ ಬಂದ ಮೇಲೆ, ಮನುಷ್ಯರ ಬದಲು ಹಕ್ಕಿಗಳ ಮಲೇರಿಯಾ ಹಿಡಿದರು. ಸಹಾಯಕ ಮೊಹಮ್ಮದ್ ಬಕ್ಷ್ ಜೊತೆಗಿದ್ದ. ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದ ಪರಾವಲಂಬಿ ಜೊಲ್ಲುಗ್ರಂಥಿ ಸೇರುತ್ತದೆ, ಕಚ್ಚಿದಾಗ ಹೊಸ ದೇಹಕ್ಕೆ ಇಳಿಯುತ್ತದೆ ಎಂದು ಸಾಬೀತಾಯಿತು. ಮನುಷ್ಯರಲ್ಲಿ ಇದೇ ಚಕ್ರವನ್ನು ತೋರಿಸಿದವರು ಇಟಲಿಯ ಗ್ರಾಸಿ ತಂಡದವರು. 1902ರ ನೊಬೆಲ್ ಮಾತ್ರ ರಾಸ್ ಒಬ್ಬರಿಗೇ ಬಂತು. ಯಾರು ಮೊದಲು ಅನ್ನುವ ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಹುಸೇನ್ ಖಾನ್, ಮೊಹಮ್ಮದ್ ಬಕ್ಷ್ ಹೆಸರು ಇವತ್ತಿಗೂ ಎಷ್ಟು ಜನಕ್ಕೆ ಗೊತ್ತು?

ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು ಆಮೇಲಿನ ಕೆಲಸ. ಸೊಳ್ಳೆಯನ್ನು ಪೂರ್ತಿ ನಿರ್ನಾಮ ಮಾಡಲಾಗದಿದ್ದ ಮೇಲೆ ಕಡಿಮೆ ಮಾಡಿ ಏನು ಪ್ರಯೋಜನ ಎಂದು ಹಲವರು ವಾದಿಸುತ್ತಿದ್ದರು. ತಾವೇ ಗಣಿತ ಕಲಿತಿದ್ದ ರಾಸ್, 1908ರ ಮಾರಿಷಸ್ ವರದಿಯಿಂದ ಶುರುಮಾಡಿ ಇದಕ್ಕೆ ಸಮೀಕರಣ ಬರೆದರು. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ, ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗೂ ಹೊಸದಾಗಿ ರೋಗ ಅಂಟುವುದಿಲ್ಲ. ಆಗ ರೋಗ ತಾನಾಗಿಯೇ ಇಳಿಯುತ್ತದೆ. ಕೋವಿಡ್ ಸಮಯದಲ್ಲಿ ನಾವೆಲ್ಲ ಕೇಳಿದ 'ಆರ್ ನಾಟ್' ಲೆಕ್ಕದ ಒಂದು ಬೇರು ಇಲ್ಲಿದೆ.

ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಒಂದು ತೊಟ್ಟಿ ನೀರು ಚೆಲ್ಲಿಸಿದ್ದು ಯಾಕೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅಷ್ಟರೊಳಗೆ ಅವರೇ ಲೆಕ್ಕ ಕೊಟ್ಟಿದ್ದರು. ನಮ್ಮ ಹಾಸ್ಟೆಲ್ ಹಿಂದಿನ ಬಕೆಟ್ಟುಗಳಲ್ಲಿ ನಿಂತ ನೀರನ್ನು ಇವತ್ತೇ ಚೆಲ್ಲೋಣ. ಬ್ಯಾಟಿಗಿಂತ ಅದೇ ವಾಸಿ.