ರಾತ್ರಿ ಶಾಲೆಯಲ್ಲಿ ಸಿಕ್ಕ ಸಾವಿತ್ರಿಬಾಯಿ

ನಾನು ಹೈಸ್ಕೂಲು ಕಲಿತದ್ದು ರಾತ್ರಿ. ಊರಿನಲ್ಲಿ 8ನೇ ತರಗತಿಗೆ ಶಾಲೆ ಬಿಡಿಸಿದ್ದರು. ಮದುವೆಯಾಗಿ 1979ರಲ್ಲಿ ಮುಂಬಯಿಗೆ ಬಂದಾಗ ನನಗೆ 19 ವರ್ಷ. ಮೂರು ವರ್ಷದ ಮೇಲೆ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಫೋರ್ಟಿನ ಒಂದು ಕನ್ನಡ ರಾತ್ರಿ ಹೈಸ್ಕೂಲಿಗೆ ಸೇರಿಕೊಂಡೆ. ತರಗತಿಯಲ್ಲಿ ಹೆಚ್ಚಿನವರು ಉಡುಪಿ ಹೋಟೆಲುಗಳ ಹುಡುಗರು. ಬೆಳಿಗ್ಗೆ 5ಕ್ಕೆ ಎದ್ದು ಟೇಬಲ್ ಒರೆಸಿ, ಕಪ್ಪು ಬಸಿ ತೊಳೆದು, ಸಂಜೆ ಅದೇ ಸಾಂಬಾರಿನ ವಾಸನೆಯ ಅಂಗಿಯಲ್ಲಿ ಬಂದು ಬೆಂಚಿನ ಮೇಲೆ ಕುಳಿತ ಕೂಡಲೇ ತೂಕಡಿಸುತ್ತಿದ್ದರು. ಹೆಂಗಸರು ನಾವು ಇಬ್ಬರೇ.

ನಮಗೆ ಮರಾಠಿ ಕಲಿಸಲು ಒಬ್ಬರು ಬಾಯಿ ಬರುತ್ತಿದ್ದರು. ಇಲ್ಲಿ ಟೀಚರಿಗೆ ಬಾಯಿ ಎನ್ನುವುದು ರೂಢಿ. ಹಗಲು ಬೇರೊಂದು ಶಾಲೆಯಲ್ಲಿ ಕಲಿಸಿ, ಮನೆಗೆ ಹೋಗದೆ ನೇರ ನಮ್ಮಲ್ಲಿಗೆ ಬರುತ್ತಿದ್ದರು. ತೂಕಡಿಸುವ ಹುಡುಗನನ್ನು ಅವರು ಒಮ್ಮೆಯೂ ಗದರಿಸಿದ್ದು ನಾನು ಕಂಡಿಲ್ಲ. ಅವನ ಪಕ್ಕ ಹೋಗಿ ನಿಂತು ಪಾಠ ಮುಂದುವರಿಸುತ್ತಿದ್ದರು, ಅಷ್ಟೆ. ಒಂದು ಜನವರಿ 3ರಂದು ಪುಸ್ತಕ ಮುಚ್ಚಿಟ್ಟು, ಇವತ್ತು ಸಾವಿತ್ರಿಬಾಯಿ ಫುಲೆಯವರ ಹುಟ್ಟಿದ ದಿನ ಎಂದು ಅವರ ಕಥೆ ಹೇಳತೊಡಗಿದರು. ನಮಗೆ ಅರ್ಥವಾಗಲೆಂದು ನಿಧಾನವಾಗಿ, ಸಣ್ಣ ಸಣ್ಣ ವಾಕ್ಯಗಳಲ್ಲಿ. ಕಲಿತ ಮರಾಠಿ ವ್ಯಾಕರಣ ಎಲ್ಲ ಮರೆತಿದ್ದೇನೆ, ಆ ಸಂಜೆ ಮಾತ್ರ ಮರೆತಿಲ್ಲ.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಸಾತಾರಾ ಜಿಲ್ಲೆಯ ನಾಯಗಾಂವಿನಲ್ಲಿ. 9 ವರ್ಷಕ್ಕೆ ಮದುವೆ. ಗಂಡ ಜೋತಿಬಾರಿಗೆ ಆಗ 13. ಮದುವೆಯಾಗಿ ಪುಣೆಗೆ ಬಂದಾಗ ಆಕೆಗೆ ಓದು ಬರಹ ತಿಳಿಯದು. ಜೋತಿಬಾರ ಓದು ಕೂಡ ಸಲೀಸಾಗಿ ಸಾಗಿದ್ದಲ್ಲ. ಹೂ ತರಕಾರಿ ಬೆಳೆಯುವ ಮಾಳಿ ಮನೆತನ, ತಂದೆ ಗೋವಿಂದರಾವ್ ಮಗನನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದುಕೊಂಡಿದ್ದರು. ನೆರೆಯ ಗಫಾರ್ ಬೇಗ್ ಮುನ್ಶಿ ಮತ್ತು ಲಿಜಿಟ್ ಎಂಬ ಸಾಹೇಬರು ಬುದ್ಧಿ ಹೇಳಿದ ಮೇಲೆ 1841ರಲ್ಲಿ ಹುಡುಗ ಪುಣೆಯ ಸ್ಕಾಟಿಷ್ ಮಿಷನ್ ಶಾಲೆಗೆ ಸೇರಿದ. ಹೈಸ್ಕೂಲಿನ ಓದು ಮುಗಿಯುವಾಗ 1847, ಅಂದರೆ ವಯಸ್ಸು 20. ಬಾಯಿ ಇದನ್ನು ಹೇಳಿದಾಗ ನಮ್ಮ ಹೋಟೆಲು ಹುಡುಗರು ನೆಟ್ಟಗೆ ಕುಳಿತರು. ಅವರಲ್ಲಿ 20 ದಾಟಿದವರು ನಾಲ್ಕೈದು ಮಂದಿ ಇದ್ದರು.

ಶಾಲೆಯಲ್ಲಿ ಕಲಿತದ್ದನ್ನು ಜೋತಿಬಾ ಮನೆಯಲ್ಲಿ ಹೆಂಡತಿಗೂ, ತಮ್ಮನ್ನು ಸಾಕಿದ ಸಗುಣಾಬಾಯಿಗೂ ಕಲಿಸಿದರು. ಸಭೆ ಸಮಾರಂಭಗಳಲ್ಲಿ ನಾವು ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ, ಗಂಡ ಕಲಿಸಿದ, ಹೆಂಡತಿ ಕಲಿತಳು ಎಂದು. ನನಗೆ ಇದು ಅರ್ಧ ಕಥೆ ಅನಿಸುತ್ತದೆ. ಆಕೆ ಅಷ್ಟಕ್ಕೆ ತೃಪ್ತಿಪಡಲಿಲ್ಲ. ಅಹಮದ್‌ನಗರದಲ್ಲಿ ಅಮೆರಿಕನ್ ಮಿಷನರಿ ಸಿಂಥಿಯಾ ಫರಾರ್ ಅವರ ಸಂಸ್ಥೆಯಲ್ಲಿ, ಪುಣೆಯಲ್ಲಿ ಮಿಸೆಸ್ ಮಿಚೆಲ್ ಅವರ ನಾರ್ಮಲ್ ಶಾಲೆಯಲ್ಲಿ ಶಿಕ್ಷಕಿಯ ತರಬೇತಿ ಪಡೆದರು. ಕಲಿಸುವುದನ್ನೂ ಕಲಿಯಬೇಕು ಎಂದು ಹದಿಹರೆಯದಲ್ಲೇ ಅರಿತವರು. 1848ರಲ್ಲಿ ಪುಣೆಯ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಆಕೆಗೆ 17 ವರ್ಷ.

ಆ ಶಾಲೆಯ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಹೆಣ್ಣು ಅಕ್ಷರ ಕಲಿತರೆ ಮನೆಗೆ ಕೇಡು ಎಂದು ನಂಬಿದ್ದ ಕಾಲ. ಬೀದಿಯಲ್ಲಿ ನಡೆಯುವಾಗ ಸಗಣಿ, ಕೆಸರು, ಕಲ್ಲು ಮೈಮೇಲೆ ಬೀಳುತ್ತಿತ್ತು. ಸಾವಿತ್ರಿಬಾಯಿ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಶಾಲೆಯಲ್ಲಿ ಉಟ್ಟು ಪಾಠ ಮಾಡಿ, ಹಿಂತಿರುಗುವಾಗ ಮತ್ತೆ ಆ ಕೊಳೆ ಸೀರೆ ಉಡುವುದು. ನಾನು ಇದನ್ನು ಕೇಳುವಾಗ ಯೋಚಿಸಿದ್ದು ಧೈರ್ಯದ ಬಗ್ಗೆ ಅಲ್ಲ, ಒಗೆಯುವ ಕೆಲಸದ ಬಗ್ಗೆ. ದಿನಾ ರಾತ್ರಿ ಆ ಸೀರೆಯನ್ನು ಒಗೆದು ಹರವಿದವರು ಅವರೇ ತಾನೆ! ಮರುದಿನ ಮತ್ತೆ ಅದು ಹಾಗೇ ಆಗುತ್ತದೆ ಎಂದು ತಿಳಿದೂ ಒಗೆಯಬೇಕು.

1849ರಲ್ಲಿ ಜಾತಿಯವರ ಒತ್ತಡಕ್ಕೆ ಮಣಿದು ಮಾವನವರು ಇಬ್ಬರನ್ನೂ ಮನೆಯಿಂದ ಹೊರಗೆ ಕಳಿಸಿದರು. ಆಸರೆ ಕೊಟ್ಟವರು ಗೆಳೆಯ ಉಸ್ಮಾನ್ ಶೇಖ್. ಆ ಮನೆಯ ಫಾತಿಮಾ ಶೇಖ್ ಶಾಲೆಯ ಕೆಲಸಕ್ಕೂ ಜೊತೆಯಾದರು. 1856ರಲ್ಲಿ ಕಾಯಿಲೆ ಬಿದ್ದು ತವರಿಗೆ ಹೋದ ಸಾವಿತ್ರಿಬಾಯಿ ಗಂಡನಿಗೆ ಬರೆದ ಪತ್ರ ಉಳಿದಿದೆ. ತಾನಿಲ್ಲದೆ ಫಾತಿಮಾಗೆ ಕೆಲಸದ ಹೊರೆ ಹೆಚ್ಚಾಗಿರಬಹುದು, ಆದರೂ ಆಕೆ ಗೊಣಗುವವಳಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ರಜೆಯಲ್ಲಿದ್ದಾಗ ಸಹೋದ್ಯೋಗಿಯ ನೆನಪಾಗುವುದು ಶಿಕ್ಷಕಿಯರಾಗಿದ್ದವರಿಗೆ ಅರ್ಥವಾಗುತ್ತದೆ.

ಶಾಲೆ ಒಂದರಿಂದ ಮೂರಾಯಿತು. 1852ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಸರ್ಕಾರದ ಪರವಾಗಿ ಮೇಜರ್ ಕ್ಯಾಂಡಿ ಸನ್ಮಾನ ಮಾಡಿದರು. 1854ರಲ್ಲಿ ಸಾವಿತ್ರಿಬಾಯಿಯವರ ಕವಿತೆಗಳ ಪುಸ್ತಕ 'ಕಾವ್ಯ ಫುಲೆ' ಬಂತು. ಅವರ ಶಾಲೆಯಲ್ಲಿ ಓದಿದ ಮಾಂಗ ಸಮುದಾಯದ ಹುಡುಗಿ ಮುಕ್ತಾ ಸಾಳವೆ ತನ್ನ ಜನರ ಕಷ್ಟ ಕುರಿತು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲಿಗಿಂತ ಈ ಪ್ರಬಂಧವೇ ದೊಡ್ಡ ಸನ್ಮಾನ ಎನ್ನುತ್ತೇನೆ ನಾನು.

ಅದೇ 1855ರಲ್ಲಿ ದಂಪತಿ ತಮ್ಮ ಮನೆಯಲ್ಲೇ ರೈತರಿಗೆ, ಕೂಲಿಯವರಿಗೆ ರಾತ್ರಿ ಶಾಲೆ ಆರಂಭಿಸಿದರು. ಹಗಲು ದುಡಿಯದಿದ್ದರೆ ಒಲೆ ಹೊತ್ತದ ಮಂದಿ ಹಗಲು ಶಾಲೆಗೆ ಬರುವುದು ಹೇಗೆ? ಶಾಲೆಯೇ ಅವರ ಹೊತ್ತಿಗೆ ಹೊಂದಿಕೊಂಡಿತು. ನಮ್ಮ ಬಾಯಿ ಇಲ್ಲಿಗೆ ಬಂದಾಗ ಮಾತು ನಿಲ್ಲಿಸಿ ತರಗತಿಯನ್ನು ಒಂದು ಸುತ್ತು ನೋಡಿದರು. ಮುಂದೆ ಮುಂಬಯಿಯಲ್ಲಿ ನಮ್ಮ ಹಿರಿಯರು ಹೋಟೆಲು, ಮಿಲ್ಲು, ಬಂದರಿನ ಕೆಲಸದ ಹುಡುಗರಿಗಾಗಿ ಕಟ್ಟಿದ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯುವಾಗಲೆಲ್ಲ ನನಗೆ ಪುಣೆಯ ಆ ಮನೆಯೇ ಕಣ್ಣಿಗೆ ಕಟ್ಟುತ್ತದೆ.

ಬಾಯಿ ಹೇಳದ, ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದ ವಿಷಯ ಒಂದಿದೆ. 1857ರ ದಂಗೆಯ ನಂತರ ಯುರೋಪಿಯನ್ನರ ದೇಣಿಗೆ ಬತ್ತಿತು, ಆಡಳಿತ ಮಂಡಳಿಯೊಂದಿಗೆ ಅಭಿಪ್ರಾಯ ಭೇದವಾಗಿ ಜೋತಿಬಾ ಹೊರಬಂದರು. ಆ ಮೊದಲ ಹೆಣ್ಣುಮಕ್ಕಳ ಶಾಲೆಗಳು ಹತ್ತು ವರ್ಷ ಕೂಡ ಅವರ ಕೈಯಲ್ಲಿ ಉಳಿಯಲಿಲ್ಲ. ಭಾಷಣಗಳಲ್ಲಿ ಇದು ಬರುವುದಿಲ್ಲ. ಸಗಣಿ ಎರಚಿದ್ದು ಬರುತ್ತದೆ, ಶಾಲೆ ಕೈತಪ್ಪಿದ್ದು ಬರುವುದಿಲ್ಲ.

ಆಮೇಲೂ ಆಕೆ 40 ವರ್ಷ ಬದುಕಿದರು, ಸುಮ್ಮನೆ ಕೂರಲಿಲ್ಲ. ಮೋಸಹೋಗಿ ಬಸುರಾದ ವಿಧವೆಯರು ಬಂದು ಹೆರಲು ಮನೆಯಲ್ಲೇ ಆಶ್ರಯ ಕೊಟ್ಟರು. ಹಾಗೆ ಬಂದ ಕಾಶೀಬಾಯಿಯ ಮಗ ಯಶವಂತನನ್ನು ದತ್ತು ಪಡೆದು ಡಾಕ್ಟರಾಗುವಷ್ಟು ಓದಿಸಿದರು. 1877ರ ಬರಗಾಲದಲ್ಲಿ ಜುನ್ನರ ಕಡೆ ತಿರುಗಿ ಹಸಿದವರಿಗೆ ಅನ್ನ ಹಾಕುವ ಕೆಲಸ ನಡೆಸಿದರು. 1890ರ ನವೆಂಬರ್ 28ರಂದು ಜೋತಿಬಾ ತೀರಿಕೊಂಡಾಗ ದತ್ತು ಮಗನಿಗೆ ಹಕ್ಕಿಲ್ಲವೆಂದು ನೆಂಟರು ತಗಾದೆ ತೆಗೆದರು. ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಶವದ ಮುಂದೆ ನಡೆದರು. 1893ರಲ್ಲಿ ಸಾಸವಡದಲ್ಲಿ ನಡೆದ ಸತ್ಯಶೋಧಕ ಸಮಾಜದ ಅಧಿವೇಶನಕ್ಕೆ ಅವರೇ ಅಧ್ಯಕ್ಷೆ.

1897ರಲ್ಲಿ ಪುಣೆಗೆ ಪ್ಲೇಗು ಬಂತು. ಯಶವಂತನನ್ನು ಕರೆಸಿ ಹಡಪಸರದ ಹತ್ತಿರ, ಊರ ಹೊರಗೆ, ಚಿಕಿತ್ಸಾ ಕೇಂದ್ರ ತೆರೆಸಿದರು. ಮುಂಢವಾ ಊರಿನ ಮಹಾರ ಕೇರಿಯಲ್ಲಿ ಗಾಯಕವಾಡರ ಮಗುವಿಗೆ ರೋಗ ತಗುಲಿದೆ ಎಂದು ತಿಳಿದು, 66ರ ಆ ಹೆಂಗಸು ಮಗುವನ್ನು ಬೆನ್ನಮೇಲೆ ಹೊತ್ತು ಕೇಂದ್ರಕ್ಕೆ ತಂದರು. ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ಬಾಯಿ ಕಥೆ ಮುಗಿಸಿದಾಗ ಗಂಟೆ ಹೊಡೆದು ಹೋಗಿತ್ತು, ನಾವು ಯಾರೂ ಎದ್ದಿರಲಿಲ್ಲ. ಆ ರಾತ್ರಿ ನನಗೆ ದಿನದ ಲೋಕಲ್ ತಪ್ಪಿತು, ಮನೆಗೆ ತಡವಾಗಿ ಹೋಗಿ ಬೈಗುಳ ತಿಂದೆ. ಎರಡು ವರ್ಷದ ಮೇಲೆ ಎಸ್ಸೆಸ್ಸಿ ಪಾಸಾದೆ. ಪೇಡೆ ಕೊಡಲು ಹೋದಾಗ ಬಾಯಿ ಬೇರೆ ಕಡೆಗೆ ವರ್ಗವಾಗಿದ್ದರು. ಆ ಪೇಡೆ ಇನ್ನೂ ನನ್ನ ಮೇಲಿನ ಸಾಲ.

ಸಾಲ ತೀರಿಸಲೋ ಏನೋ, 2016ರಿಂದ ನಮ್ಮ ಬಡಾವಣೆಯ ಒಂದು ಕೋಣೆಯಲ್ಲಿ ವಾರಕ್ಕೆ ಎರಡು ಸಂಜೆ ಅಕ್ಷರ ಕಲಿಸುತ್ತೇನೆ. ಬರುವವರು ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಬಂದ ಹೆಂಗಸರು. ಮೊದಲ ದಿನ 14 ಮಂದಿ ಇದ್ದರು. ಕಳೆದ ದೀಪಾವಳಿಯ ಹೊತ್ತಿಗೆ ಮೂವರು. ಮೂವರಿಗಾಗಿ ಕೋಣೆ ಯಾಕೆ ಎಂಬ ಮಾತು ಬಂತು. ಮಂಡಿ ನೋವು ನನಗೂ ಇದೆ, ನಿಲ್ಲಿಸಿಬಿಡೋಣ ಎಂದುಕೊಂಡೆ.

ಆ ಮನಸ್ಸಿನಲ್ಲೇ ಪುಣೆಗೆ ಮಗಳ ಮನೆಗೆ ಹೋದೆ. ದಗಡೂಶೇಠ್ ಗಣಪತಿಯ ಎದುರಿದ್ದ ಭಿಡೆ ವಾಡೆಯನ್ನು ಹಿಂದೊಮ್ಮೆ ನೋಡಿದ್ದೆ. ಕೆಳಗೆ ಅಂಗಡಿ ಸಾಲು, ಮೇಲೆ ಕುಸಿಯುತ್ತಿದ್ದ ಮರದ ತೊಲೆಗಳು. 2023ರ ಡಿಸೆಂಬರಿನಲ್ಲಿ ಸ್ಮಾರಕ ಕಟ್ಟಲೆಂದು ಅದನ್ನು ಕೆಡವಿದ್ದಾರೆ. ಹಾಗಾಗಿ ಗಂಜ್ ಪೇಟೆಯ ಫುಲೆ ವಾಡೆಗೆ ಹೋದೆವು. ಹೆಂಚಿನ ತಗ್ಗು ಮನೆ, ಅಂಗಳದಲ್ಲಿ ಜೋತಿಬಾರ ಸಮಾಧಿ, ಪಕ್ಕದಲ್ಲಿ ಬಾವಿ. ಅಸ್ಪೃಶ್ಯರೆನಿಸಿಕೊಂಡವರಿಗೂ 1868ರಲ್ಲಿ ನೀರಿಗೆ ಬಿಟ್ಟುಕೊಟ್ಟ ತಾಣ ಅದು. ನಾನು ಬಹಳ ಹೊತ್ತು ಜಗಲಿಯ ಮೇಲೆ ಕುಳಿತಿದ್ದೆ. ಮಗಳು ಮಂಡಿನೋವೇ ಅಮ್ಮ ಎಂದು ಕೇಳಿದಳು, ಹೌದೆಂದೆ.

ಮುಂದಿನ ಶನಿವಾರ ಮೂವರಿಗೂ ಸಾವಿತ್ರಿಬಾಯಿಯವರ ಚಿತ್ರ ತೋರಿಸಿ ಈ ಕಥೆ ಹೇಳಿದೆ. ಎಲ್ಲ ಕೇಳಿದ ಮೇಲೆ ಯಾದಗಿರಿಯವಳು, ಅಕ್ಕಾರ, ನಮ್ಮ ಓಣ್ಯಾಗ ಬರಾಕ ಮನಸ್ಸಿದ್ದೋರು ಭಾಳ ಮಂದಿ ಅದಾರ, ಆದ್ರ ಆರೂವರೆಗೆ ಅವರ ಕೆಲಸಾನ ಮುಗ್ಯಾಂಗಿಲ್ಲ ಎಂದಳು. ಎಂಟು ವರ್ಷ ನಾನು ಇದನ್ನು ಯಾರನ್ನೂ ಕೇಳಿರಲಿಲ್ಲ. ಈಗ ತರಗತಿ ಎಂಟು ಗಂಟೆಗೆ. ವಾಚ್‌ಮನ್ನಿಗೆ ಹೇಳಿ ಕೋಣೆಯ ಕೀಲಿಕೈ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಕಳೆದ ವಾರ ಒಂಬತ್ತು ಮಂದಿ ಬಂದಿದ್ದರು, ಇಬ್ಬರು ತೂಕಡಿಸುತ್ತಿದ್ದರು.