ಅಳುಕಿನಿಂದ ವೇದಿಕೆಗೆ: ಫ್ರೆಡರಿಕ್ ಡಗ್ಲಸ್

ಅಭ್ಯಾಸ ಪಾಠಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಪ್ರತಿವರ್ಷ ಫ್ರೆಡರಿಕ್ ಡಗ್ಲಸ್ ಅವರ ಜೀವನವನ್ನು ಹೇಳುತ್ತೇನೆ. ಮಾತಿನ ಧೈರ್ಯ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ.

ಡಗ್ಲಸ್ ಹುಟ್ಟಿದ್ದು 1818ರ ಸುಮಾರಿಗೆ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಗುಲಾಮರಾಗಿ. ತಮ್ಮ ಹುಟ್ಟಿದ ದಿನ ಅವರಿಗೆ ಗೊತ್ತಿರಲಿಲ್ಲ. ಬಾಲ್ಟಿಮೋರ್‌ನಲ್ಲಿ ಮನೆಯೊಡತಿ ಅಕ್ಷರ ಕಲಿಸತೊಡಗಿದಳು. ಓದು ಬಂದ ಗುಲಾಮ ಹತೋಟಿಯಲ್ಲಿ ಉಳಿಯುವುದಿಲ್ಲವೆಂದು ಅವಳ ಗಂಡ ಅದನ್ನು ನಿಲ್ಲಿಸಿದ. ಹುಡುಗ ಸುಮ್ಮನಾಗಲಿಲ್ಲ. ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ಡು ಕೊಟ್ಟು ಅವರಿಂದ ಪಾಠ ಪಡೆದ. 50 ಸೆಂಟ್ ಕೂಡಿಸಿ ಭಾಷಣಗಳ ಸಂಗ್ರಹವೊಂದನ್ನು ಕೊಂಡು ಮತ್ತೆ ಮತ್ತೆ ಓದಿದ. ಮುಂದೆ ಹೊಲದಲ್ಲಿ ದುಡಿಯುವಾಗ ಭಾನುವಾರಗಳಂದು ಗುಟ್ಟಾಗಿ ಶಾಲೆ ನಡೆಸಿ ಜೊತೆಯ ಗುಲಾಮರಿಗೆ ಓದು ಕಲಿಸಿದ. ಭಾಷಣಕಾರರಾಗುವ ಮೊದಲೇ ಅವರು ಮೇಷ್ಟರಾಗಿದ್ದರು.

1838ರಲ್ಲಿ ಅವರು ತಪ್ಪಿಸಿಕೊಂಡು ಉತ್ತರಕ್ಕೆ ಬಂದರು. 1841ರ ಆಗಸ್ಟ್‌ನಲ್ಲಿ ನಾಂಟಕೆಟ್ ದ್ವೀಪದ ಗುಲಾಮಗಿರಿ ವಿರೋಧಿ ಸಭೆಯಲ್ಲಿ ಮಾತಾಡಲು ಕರೆ ಬಂತು. ಎದುರಿಗೆ ಬಹುಪಾಲು ಬಿಳಿಯರು. ಕೈಕಾಲು ನಡುಗಿತು, ಮಾತು ತಡವರಿಸಿತು. ಆದರೂ ತಾವು ಕಂಡದ್ದನ್ನು, ಉಂಡದ್ದನ್ನು ಹೇಳಿದರು. ಸಭೆ ಅಲುಗಾಡಿತು. ಸಂಘದವರು ಅವರನ್ನು ಭಾಷಣಕಾರರನ್ನಾಗಿ ನೇಮಿಸಿಕೊಂಡರು.

ನಿಜವಾದ ಪರೀಕ್ಷೆ ಆಮೇಲೆ ಬಂತು. ಮಾತು ಪಳಗುತ್ತಾ ಹೋದಂತೆ, ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದುದು ಸುಳ್ಳು ಎಂದು ಕೇಳುಗರು ಅನುಮಾನಿಸಿದರು. ಕಥೆಯನ್ನಷ್ಟೇ ಹೇಳಿ, ವಿಚಾರವನ್ನು ನಮಗೆ ಬಿಡಿ ಎಂಬುದು ಸಂಗಡಿಗರ ಸಲಹೆ; ನುಡಿಯಲ್ಲಿ ತುಸು ತೋಟದ ಧಾಟಿ ಉಳಿಸಿಕೊಳ್ಳಿ ಎಂದೂ ಹೇಳಿದರು. ಡಗ್ಲಸ್ ನಟಿಸಲು ಒಪ್ಪಲಿಲ್ಲ. 1845ರಲ್ಲಿ ಆತ್ಮಕಥೆ ಬರೆದು ಒಡೆಯರ ಹೆಸರು, ಊರು ಎಲ್ಲವನ್ನೂ ಅಚ್ಚು ಹಾಕಿಸಿದರು. ಕಾನೂನಿನ ಕಣ್ಣಿನಲ್ಲಿ ಅವರಿನ್ನೂ ಒಡೆಯನ ಆಸ್ತಿ. ಹಿಡಿದೊಯ್ಯುವ ಭಯದಿಂದ ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಬೇಕಾಯಿತು. 1846ರಲ್ಲಿ ಅಲ್ಲಿನ ಸ್ನೇಹಿತರು ಹಣ ಕೂಡಿಸಿ ಅವರ ಬಿಡುಗಡೆಯನ್ನು ಕೊಂಡರು. ಮರಳಿ ಬಂದು ಸ್ವಂತ ಪತ್ರಿಕೆ ನಡೆಸಿದರು. 1895ರಲ್ಲಿ ತೀರಿಕೊಳ್ಳುವವರೆಗೂ ಮಾತು ಬಿಡಲಿಲ್ಲ.

ಇಷ್ಟೆಲ್ಲ ಬಿಚ್ಚಿ ಹೇಳಿದವರು ಒಂದನ್ನು ಮಾತ್ರ ಮುಚ್ಚಿಟ್ಟರು: ತಾವು ತಪ್ಪಿಸಿಕೊಂಡ ಬಗೆ. ಹೇಳಿದ್ದರೆ ಬೇರೆಯವರ ದಾರಿ ಮುಚ್ಚುತ್ತಿತ್ತು, ನೆರವಾದವರು ಸಿಕ್ಕಿಬೀಳುತ್ತಿದ್ದರು. ಅದನ್ನು ಪುಸ್ತಕದಲ್ಲಿ ವಿವರಿಸಿದ್ದು 1881ರಲ್ಲಿ, ಗುಲಾಮಗಿರಿ ಅಳಿದ ಮೇಲೆ.

ನಮ್ಮ ತರಗತಿಗೆ ನಾನು ಇದರಿಂದ ಮೂರು ಮಾತು ತೆಗೆದುಕೊಳ್ಳುತ್ತೇನೆ. ಮೊದಲ ಪಾಠಕ್ಕೆ ಎರವಲು ದೃಷ್ಟಾಂತಕ್ಕಿಂತ ನೀವೇ ಕಂಡ ಘಟನೆ ಒಳ್ಳೆಯದು; ಅದನ್ನು ಬಾಯಿಪಾಠ ಮಾಡಬೇಕಿಲ್ಲ, ಮರೆಯುವ ಭಯವೂ ಇಲ್ಲ. ಮಕ್ಕಳನ್ನು ಮೆಚ್ಚಿಸಲು ಅದಕ್ಕೆ ಬಣ್ಣ ಬಳಿಯಬೇಡಿ. ಊರು, ಕಾಲ, ಕೆಲಸ ಇದ್ದಂತೆ ಇರಲಿ. ಇನ್ನೊಬ್ಬರ ಮಾನ, ಬದುಕಿಗೆ ತಗಲುವ ಸಂಗತಿಯಿದ್ದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಕೈ ನಡುಗಿದರೂ ಪರವಾಗಿಲ್ಲ. ನಾಂಟಕೆಟ್‌ನಲ್ಲಿ ಡಗ್ಲಸ್ ಅವರ ಕೈಯೂ ನಡುಗಿತ್ತು.